ಮಾವಿಸ್‌ಗೆ ಸಿಕ್ಕಿದ ಸೀಟು

ಪೋರ್ಟ್ ಟ್ರೆಗೋದಲ್ಲಿ ಆಗ ಕಾಲೇಜು ಮುಗಿಸಿದವರು ಇದ್ದದ್ದು ಇಬ್ಬರೇ. ಒಬ್ಬರು ಡಾಕ್ಟರು. ಇನ್ನೊಬ್ಬರು, ಡಾಕ್ಟರು ಕೈಚೆಲ್ಲಿದ ಮೇಲೆ ಬರುವ ಪಾದ್ರಿ ಓಪಿ. ಇವರಿಬ್ಬರನ್ನು ಬಿಟ್ಟರೆ ಊರು ವಿದ್ಯೆಯ ಹಂಗಿಲ್ಲದೆ ಗೋಧಿ ಬೆಳೆದು, ಹಡಗಿಗೆ ತುಂಬಿ, ಮೀನು ಹಿಡಿದು, ಭಾನುವಾರ ಚರ್ಚಿನಲ್ಲಿ ತೂಕಡಿಸಿಕೊಂಡು ಸುಖವಾಗಿತ್ತು. ಲೋಕದ ವಿಚಾರ ತಿಳಿಯಬೇಕೆಂದವರು ಕ್ಲಾರಿ ಪೆಂಗೆಲಿಯ ಕಟಿಂಗ್ ಶಾಪಿಗೆ ಹೋಗುತ್ತಿದ್ದರು. ಅಲ್ಲಿ ಕೂತವರಿಗೆ ಲೋಕದ ವಿಚಾರ ತಿಳಿಯುತ್ತಿತ್ತೋ ಇಲ್ಲವೋ, ಲೋಕದ ಬಗ್ಗೆ ಕ್ಲಾರಿಯ ವಿಚಾರವಂತೂ ತಪ್ಪದೆ ತಿಳಿಯುತ್ತಿತ್ತು. ಕತ್ತಿನ ಮೇಲೆ ಕ್ಷೌರದ ಕತ್ತಿ ಇರುವಾಗ ಎದುರು ಮಾತಾಡುವ ಗಂಡಸು ನಮ್ಮೂರಲ್ಲಿ ಹುಟ್ಟಿರಲಿಲ್ಲವಾದ್ದರಿಂದ, ತನ್ನ ಮಾತನ್ನು ಊರೇ ಒಪ್ಪುತ್ತದೆ ಎಂದು ಕ್ಲಾರಿ ಬಹಳ ವರ್ಷಗಳಿಂದ ನಂಬಿದ್ದ.

ಈಗಿನ ಮಕ್ಕಳು ಸಾಲ ಹೊತ್ತು ಕಾಲೇಜಿಗೆ ಹೋಗುತ್ತಾರೆ, ಆ ಸಾಲವನ್ನು ತಮ್ಮ ಮಕ್ಕಳು ಹುಟ್ಟುವ ಹೊತ್ತಿಗೂ ತೀರಿಸುತ್ತಿರುತ್ತಾರೆ. ಅವರಿಗೆ ಎಪ್ಪತ್ತನಾಲ್ಕರ ಮಾತು ಹೇಳಿದರೆ ಅಜ್ಜಿಕಥೆ ಎಂದುಕೊಳ್ಳುತ್ತಾರೆ. ಆ ವರ್ಷದ ಜನವರಿಯಿಂದ ಹೊಸ ಸರ್ಕಾರ ಕಾಲೇಜಿನ ಶುಲ್ಕವನ್ನೇ ತೆಗೆದುಹಾಕಿತು. ಯಾರು ಬೇಕಾದರೂ ಹೋಗಿ ಓದಬಹುದು, ಪುಕ್ಕಟೆ. ಸಾಲದ್ದಕ್ಕೆ ಬಡ ವಿದ್ಯಾರ್ಥಿಗಳಿಗೆ ಭತ್ಯೆ, ಒಂಟಿ ತಾಯಂದಿರಿಗೆ ಭತ್ಯೆ, ಕೆಲಸವಿಲ್ಲದವರಿಗೆ ಭತ್ಯೆ. ದೇಶವೇ ಎರಡು ಪಾಲಾಗಿ ಜಗಳಕ್ಕೆ ಬಿತ್ತು. ಚುನಾವಣೆ ಬೇಗ ಬರುತ್ತದೆ ಎಂಬ ಗಾಳಿಸುದ್ದಿ ಬೇರೆ.

ಕ್ಲಾರಿ ಪುಕ್ಕಟೆ ವಿದ್ಯೆಯ ಕಟ್ಟಾ ವಿರೋಧಿ. ತೆರಿಗೆ, ಸ್ವಾಭಿಮಾನ, ದೇಶದ ಭವಿಷ್ಯ ಎಂದೆಲ್ಲ ಅವನು ಕಾರಣ ಕೊಡುತ್ತಿದ್ದ. ನಿಜವಾದ ಕಾರಣ ಕೂದಲು. ಕಾಲೇಜಿಗೆ ಹೋದ ಹುಡುಗರು ರಜೆಗೆ ಊರಿಗೆ ಬಂದಾಗ ಕೂದಲು ಹೆಗಲ ಮೇಲೆ ಇಳಿದಿರುತ್ತಿತ್ತು. ಅವರನ್ನು ನೋಡಿ ಹಡಗುಕಟ್ಟೆಯ ಹುಡುಗರೂ ಬೆಳೆಸತೊಡಗಿದ್ದರು. ವಿದ್ಯೆ ಹೆಚ್ಚಿದ ಹಾಗೆಲ್ಲ ಕೂದಲು ಹೆಚ್ಚುವುದನ್ನು ಕಣ್ಣಾರೆ ಕಂಡ ಕ್ಷೌರಿಕನಿಗೆ ವಿದ್ಯೆಯ ಮೇಲೆ ಪ್ರೀತಿ ಉಳಿಯುವುದು ಕಷ್ಟ.

ಫೆಬ್ರವರಿಯ ಒಂದು ಬಿಸಿಲು ಮಧ್ಯಾಹ್ನ ರೂಪರ್ಟ್ ಹಾಡನ್ ಗಡ್ಡ ಹೆರೆಸಿಕೊಳ್ಳಲು ಬಂದರು. ಊರಾಚೆಯ ದೊಡ್ಡ ಗೋಧಿ ಹೊಲಗಳ ಒಡೆಯರು, ವಿರೋಧ ಪಕ್ಷದ ಸ್ಥಳೀಯ ಮುಖಂಡರು. ನೊರೆ ಹಚ್ಚಿ ಕತ್ತಿ ಹಿಡಿದ ಕ್ಲಾರಿ ಶುರು ಮಾಡಿದ.

"ನಾನು ಸರ್ಕಾರದಿಂದ ಒಂದು ಸೆಂಟೂ ತಗೊಂಡವನಲ್ಲ ಮಿಸ್ಟರ್ ಹಾಡನ್. ದುಡಿದೆ, ತಿಂದೆ. ಓದೋ ಯೋಗ್ಯತೆ ಇದ್ದವನು ಹೇಗಾದ್ರೂ ಓದ್ತಾನೆ. ಹೌದೋ ಅಲ್ವೋ?"

ಹಾಡನ್ ಗಂಟಲ ಮೇಲೆ ಕತ್ತಿ ಇತ್ತು. ಅವರು ಕಣ್ಣಿನಲ್ಲೇ ಹೌದೆಂದರು. ಮುಖ ಒರೆಸಿಕೊಂಡು ಎದ್ದ ಮೇಲೆ ಮಾತಾಡಿದರು.

"ಪೆಂಗೆಲಿ, ಗುರುವಾರ ಸಂಜೆ ಹಾಲ್‌ನಲ್ಲಿ ಚರ್ಚೆ ಇಟ್ಟಿದೀವಿ. 'ಜನರ ತೆರಿಗೆಯಲ್ಲಿ ಕಾಲೇಜು ಬೇಕೆ?' ಅಂತ. ಆ ಕಡೆಯಿಂದ ಬಂದರು ಕಾರ್ಮಿಕರ ಸಂಘದ ಡೆವ್ಲಿನ್ ಮಾತಾಡ್ತಾನೆ. ನಮ್ಮ ಕಡೆಯಿಂದ ನಾನೇ ಮಾತಾಡಿದ್ರೆ ಸಾಹುಕಾರನ ಮಾತು ಅಂತಾರೆ. ನಿಮ್ಮಂಥ ಸಾಮಾನ್ಯ ಮನುಷ್ಯರು ಬೇಕು."

ತನ್ನನ್ನು ಸಾಮಾನ್ಯ ಮನುಷ್ಯ ಎಂದದ್ದು ಕ್ಲಾರಿಗೆ ಸ್ವಲ್ಪ ಚುಚ್ಚಿತು. ಆದರೆ ಊರಿನಲ್ಲಿ ಅಷ್ಟು ಜನ ಸಾಮಾನ್ಯರಿರುವಾಗ ತನ್ನನ್ನೇ ಆರಿಸಿದರಲ್ಲ ಎಂದು ಸಮಾಧಾನ ಮಾಡಿಕೊಂಡು ಒಪ್ಪಿಕೊಂಡ.

ಅಂದು ಸಂಜೆ ಮನೆಯಲ್ಲಿ ಅವನು ಅಡುಗೆಮನೆಯ ಕನ್ನಡಿಯ ಎದುರು ನಿಂತು ಭಾಷಣದ ಅಭ್ಯಾಸ ಶುರು ಮಾಡಿದ. ಬಲಗೈ ಎತ್ತುವುದು ಚೆನ್ನಾಗಿ ಕಾಣುತ್ತದೋ ಎಡಗೈಯೋ ಎಂಬ ಗಹನವಾದ ಪ್ರಶ್ನೆ ಅವನ ಮುಂದಿತ್ತು. ಹೆಂಡತಿ ಮಾವಿಸ್ ಕುರಿಮಾಂಸದ ತುಂಡುಗಳನ್ನು ತಟ್ಟೆಗೆ ಹಾಕಿ, ಏಪ್ರನ್‌ಗೆ ಕೈ ಒರೆಸಿಕೊಂಡು, ಎಷ್ಟೋ ದಿನದಿಂದ ಕಾದು ಕೂತಿದ್ದ ಮಾತನ್ನು ಹೊರಗೆ ತಂದಳು.

ಮಾವಿಸ್ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಎರಡು ವರ್ಷದಿಂದ ಅವಳು ಪ್ರತಿ ಮಂಗಳವಾರ ಸಂಜೆ ಹೈಸ್ಕೂಲಿಗೆ ಹೋಗುತ್ತಿದ್ದಳು. ದೊಡ್ಡವರಿಗಾಗಿ ನಡೆಸುವ ಪಾಠ, ಕಾಲೇಜು ಸೇರುವುದಕ್ಕೆ ಬೇಕಾದ ಪರೀಕ್ಷೆಯದು. ಅವಳು ಇದನ್ನು ಮೊದಲ ದಿನವೇ ಗಂಡನಿಗೆ ಹೇಳಿದ್ದಳು. ಗಂಡ ಆಗ ರೇಡಿಯೋದಲ್ಲಿ ಕುದುರೆ ರೇಸು ಕೇಳುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೇಕ್ ಅಲಂಕಾರದ ಪಾಠವೂ ನಡೆಯುತ್ತಿತ್ತಾಗಿ, ಹೆಂಡತಿ ಕೇಕ್ ಕಲಿಯುತ್ತಿದ್ದಾಳೆ ಎಂಬುದು ಅವನ ತಲೆಯಲ್ಲಿ ಹೇಗೋ ಕೂತುಬಿಟ್ಟಿತು. ಎರಡು ವರ್ಷ ಕಳೆದರೂ ಮನೆಯ ಕೇಕ್ ಹಾಗೇ ಇದೆಯಲ್ಲ, ಕಲಿಸುವವರು ಸರಿಯಿಲ್ಲ ಎಂದು ಅಂಗಡಿಯಲ್ಲಿ ಒಂದೆರಡು ಸಲ ಹೇಳಿಯೂ ಇದ್ದ.

"ಕ್ಲಾರಿ," ಎಂದಳು ಮಾವಿಸ್. "ನನಗೆ ಅಡಿಲೇಡ್‌ನಲ್ಲಿ ಸೀಟು ಸಿಕ್ಕಿದೆ."

ಚರ್ಚಿನ ಹೆಂಗಸರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಅಡಿಲೇಡ್‌ಗೆ ಹೋಗಿಬರುವುದುಂಟು. ಕ್ಲಾರಿ ಎಡಗೈ ಎತ್ತಿ ನೋಡುತ್ತ ಅಂದ. "ಒಳ್ಳೇದಾಯ್ತು. ಕಿಟಕಿ ಪಕ್ಕ ತಾನೆ?"

ಗಂಡನ ತಮಾಷೆ ಅರ್ಥವಾಗದಿದ್ದರೂ ಮಾವಿಸ್ ನಕ್ಕಳು. "ಎಲ್ಲಿ ಕೂರಿಸ್ತಾರೋ ಅಲ್ಲಿ. ದುಡ್ಡು ಏನೂ ಕೊಡೋ ಹಾಗಿಲ್ಲ."

"ಕೊಡಬೇಡ. ಚರ್ಚಿಗೆ ನಾವು ಕೊಟ್ಟಿರೋದೇ ಸಾಕು."

"ಥೆಲ್ಮಾ ಮನೇಲಿ ಇರ್ತೀನಿ."

"ಇರು. ನಿನ್ನಕ್ಕ ಅಂತ ಇರೋದು ಮತ್ಯಾತಕ್ಕೆ."

"ಮೂರು ವರ್ಷ ಆಗುತ್ತೆ ಕ್ಲಾರಿ."

ಅಡಿಲೇಡ್ ನೋಡಿ ಮೂರು ವರ್ಷ ಆಗಿರಬಹುದು ಎಂದು ಕ್ಲಾರಿ ಲೆಕ್ಕ ಹಾಕಿದ. "ಆಗೇ ಆಗುತ್ತೆ. ಅದಕ್ಕೇ ಹೇಳ್ತಿರೋದು, ಹೋಗು. ಯಾರು ಬೇಡ ಅಂದ್ರು?"

ಮಾವಿಸ್ ಏಪ್ರನ್ನಿನ ತುದಿಯಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಅವನ ತಟ್ಟೆಗೆ ತನ್ನ ಪಾಲಿನ ಮಾಂಸದ ತುಂಡನ್ನೂ ಹಾಕಿ, ಜಾಮ್ ಪುಡಿಂಗನ್ನು ಎರಡು ಸಲ ಬಡಿಸಿದಳು. ಬಸ್ ಪ್ರವಾಸ ಅಂದರೆ ಹೆಂಗಸರು ಇಷ್ಟು ಕರಗುತ್ತಾರೆ ಎಂದು ಗೊತ್ತಿದ್ದರೆ ವರ್ಷಕ್ಕೆರಡು ಸಲ ಕಳಿಸುತ್ತಿದ್ದೆನಲ್ಲ ಎಂದು ಕ್ಲಾರಿಗೆ ಅನಿಸಿತು.

ಬೆಳಿಗ್ಗೆ ಮಾವಿಸ್ ಬೇಲಿಯ ಆಚೆ ನೋಲಾ ಡೆವ್ಲಿನ್‌ಗೆ ವಿಷಯ ಹೇಳಿದಳು. ಬೇಲಿಯ ಆಚೆ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಹಡಗುಕಟ್ಟೆ ಮುಟ್ಟುವುದು ನಮ್ಮೂರಲ್ಲಿ ವಾಡಿಕೆ. ನೋಲಾಳ ಗಂಡ ಕಾನ್, ಅದೇ ಚರ್ಚೆಯ ಎದುರಾಳಿ, ಕೆಲಸದ ಬಟ್ಟೆಯಲ್ಲೇ ಅಂಗಡಿಗೆ ನುಗ್ಗಿದ. ಕ್ಲಾರಿಯ ಕೈ ಹಿಡಿದು ಕುಲುಕಿದ.

"ಇಷ್ಟು ವರ್ಷ ಪಕ್ಕದ ಮನೇಲಿದ್ದು ನಿನ್ನನ್ನ ನಾನು ಅರ್ಥ ಮಾಡಿಕೊಳ್ಳಲಿಲ್ಲ ಕಣೋ."

ಎದುರಾಳಿ ತನ್ನ ಭಾಷಣಕ್ಕೆ ಮುಂಚೆಯೇ ಸೋಲೊಪ್ಪುತ್ತಿದ್ದಾನೆ ಎಂದು ಕ್ಲಾರಿ ತಿಳಿದ. "ಅದೇನು ದೊಡ್ಡ ವಿಷಯ ಬಿಡು. ಯಾರಾದ್ರೂ ಒಬ್ರು ಮುಂದೆ ಬರಲೇಬೇಕಲ್ಲ."

"ಊರಲ್ಲಿ ಎಷ್ಟು ಜನ ಗಂಡಸರಿಗೆ ಈ ಧೈರ್ಯ ಇದೆ? ನಿಮ್ಮ ಪಾರ್ಟಿಯವರು ಏನಂತಾರೋ ಅನ್ನೋ ಹೆದರಿಕೆ ಇಲ್ವಾ?"

"ಪಾರ್ಟಿಯವರೇ ಖುಷಿಯಾಗಿದ್ದಾರೆ."

ಕಾನ್ ಬಾಯಿ ತೆರೆದು ನಿಂತ. "ಹಾಡನ್ ಖುಷಿಯಾಗಿದ್ದಾನಾ?"

"ಅವರೇ ಹೇಳಿ ಮಾಡಿಸಿದ್ದು. ಗುರುವಾರ ಹಾಲ್‌ಗೆ ಬಾ. ಎಲ್ಲರ ಎದುರಿಗೇ ಹೇಳ್ತೀನಿ."

ಕಾನ್ ಕಣ್ಣಲ್ಲಿ ನೀರು ಬಂದಿತ್ತು ಎಂದು ಆಗ ಕುರ್ಚಿಯಲ್ಲಿದ್ದವರು ಆಮೇಲೆ ಹೇಳಿದರು. "ಬರ್ತೀನಿ. ಕಟ್ಟೆಯವರನ್ನೆಲ್ಲ ಕರ್ಕೊಂಡು ಬರ್ತೀನಿ," ಎಂದು ಹೋದ. ಮರುದಿನದಿಂದ ಹಡಗುಕಟ್ಟೆಯ ಹುಡುಗರು ಒಬ್ಬೊಬ್ಬರಾಗಿ ಬಂದು, ಬೇಕಿಲ್ಲದಿದ್ದರೂ, ಕೂದಲು ಕತ್ತರಿಸಿಕೊಂಡರು. ವಾಕ್ಶಕ್ತಿಗೆ ಇಂಥ ಪ್ರಭಾವ ಇದೆಯೆಂದು ಕ್ಲಾರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಭಾಷಣ ಇನ್ನೂ ಆಗಿಯೇ ಇರಲಿಲ್ಲ.

ಪಾದ್ರಿ ಓಪಿ ಬಂದದ್ದು ಮಂಗಳವಾರ. ಅವರ ಕೂದಲು ಎಂದೋ ಅವರನ್ನು ಬಿಟ್ಟುಹೋಗಿತ್ತು, ಆದರೂ ಪದ್ಧತಿಯಂತೆ ಬಂದು ಕೂರುತ್ತಿದ್ದರು.

"ಮಿಸ್ಟರ್ ಪೆಂಗೆಲಿ, ದೊಡ್ಡ ಮನಸ್ಸು ನಿಮ್ಮದು. ಆದರೆ ಈ ವಯಸ್ಸಿನಲ್ಲಿ... ಮನೆ ಹೇಗೆ ನಡೆಯುತ್ತೆ ಅಂತ ಯೋಚನೆ ಮಾಡಿದ್ದೀರಾ?"

"ಮನೆಗೇನು ಸಾರ್. ಅರ್ಧ ಗಂಟೆ ಕೆಲಸ. ಮುಗಿಸಿಕೊಂಡು ಮನೆಗೆ ಬರೋದು."

"ಅರ್ಧ ಗಂಟೆಯೇ? ಮೂರು ವರ್ಷ ಅಂದರಲ್ಲ."

ಕ್ಲಾರಿಯ ಕತ್ತರಿ ಗಾಳಿಯಲ್ಲಿ ನಿಂತಿತು. ಪಾದ್ರಿಗಳು ತಮ್ಮ ಭಾನುವಾರದ ಉಪದೇಶದ ಅಂದಾಜಿನಲ್ಲಿ ಹೇಳುತ್ತಿರಬಹುದೆಂದು ಅವನು ಮೊದಲು ಎಣಿಸಿದ. ಆದರೆ ಆ 'ಮೂರು ವರ್ಷ' ಅವನ ಕಿವಿಯಲ್ಲಿ ಉಳಿಯಿತು.

ಅದು ಬೆಳೆದು ಮರವಾದದ್ದು ಅವನ ಅಕ್ಕ ಆಲ್ಮಾ ಅಂಗಡಿಗೆ ಬಂದಾಗ. ಆಲ್ಮಾ ಬಾಗಿಲ ಜಾಲರಿಯನ್ನು ದಢಾರನೆ ತಳ್ಳಿಕೊಂಡು ಒಳಬಂದಳು.

"ಲೋ ಕ್ಲಾರಿ, ನಮ್ಮ ಮನೆತನದಲ್ಲಿ ಇಂಥ ಕೆಲಸ ಯಾರೂ ಮಾಡಿರಲಿಲ್ಲ. ಅಪ್ಪ ಇದ್ದಿದ್ರೆ ಏನಂತಿದ್ರು?"

"ಹೆಮ್ಮೆ ಪಡ್ತಿದ್ರು ಅಕ್ಕಾ."

"ಹೆಮ್ಮೆ. ನಿನ್ನ ಊಟಕ್ಕೇನು ಗತಿ ಅದು ಹೇಳು. ಯಾರು ಬೇಯಿಸಿ ಹಾಕ್ತಾರೆ?"

ಚರ್ಚೆಯ ಸಂಜೆ ಹಾಲ್‌ನಲ್ಲಿ ಸ್ಯಾಂಡ್‌ವಿಚ್ಚು, ಕೊಬ್ಬರಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು, ಚಹಾ ಇರುತ್ತದೆಂದು ಹಾಡನ್ ಹೇಳಿದ್ದರು. "ಪಾರ್ಟಿಯವರೇ ಕೊಡ್ತಾರೆ."

"ಮೂರು ವರ್ಷಾನೂ ಪಾರ್ಟಿಯವರು ನಿನಗೆ ಊಟ ಹಾಕ್ತಾರಾ?"

ಆಗ ಕ್ಲಾರಿಗೆ ಜ್ಞಾನೋದಯವಾಯಿತು. ಮೂರು ವರ್ಷ. ದೇಶದ ಪಾರ್ಲಿಮೆಂಟಿಗೆ ಆರಿಸಿ ಹೋದವರ ಅವಧಿ ಎಷ್ಟು? ಮೂರು ವರ್ಷ. ಚುನಾವಣೆ ಹತ್ತಿರದಲ್ಲಿದೆ. ಹಾಡನ್ ಬಂದು ಸಾಮಾನ್ಯ ಮನುಷ್ಯ ಬೇಕು ಅಂದರು. ಊರೇ ಬಂದು ಕೈಕುಲುಕುತ್ತಿದೆ. ಭಾಷಣವೆಂಬುದು ನೆಪ, ತನ್ನನ್ನು ಕ್ಯಾನ್‌ಬೆರಾಕ್ಕೆ ಕಳಿಸುವ ಏರ್ಪಾಟು ಒಳಗೊಳಗೇ ನಡೆದಿದೆ, ತನಗೊಬ್ಬನಿಗೆ ಇನ್ನೂ ಹೇಳಿಲ್ಲ. ಆಶ್ಚರ್ಯದ ಸುದ್ದಿಯಾಗಿ ಹೇಳಬೇಕೆಂದಿರಬೇಕು.

ಅವನು ಕುರ್ಚಿಯಲ್ಲಿ ಕೂತುಬಿಟ್ಟ. ಗಿರಾಕಿಗಳ ಕುರ್ಚಿಯಲ್ಲಿ. ಕನ್ನಡಿಯಲ್ಲಿ ಪಾರ್ಲಿಮೆಂಟಿನ ಸದಸ್ಯನೊಬ್ಬ ಕಾಣಿಸಿದ. ಪಕ್ಕದ ಕೂದಲು ಸ್ವಲ್ಪ ಸರಿಮಾಡಬೇಕಿತ್ತು.

ಅಂದು ಮನೆಗೆ ಹೋದಾಗ ಮಾವಿಸ್ ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟುಕೊಂಡು ಬಟ್ಟೆ ಮಡಿಸುತ್ತಿದ್ದಳು. ಒಂದೆರಡು ದಿನದ ಪ್ರವಾಸಕ್ಕೆ ಇಷ್ಟೊಂದು ಬಟ್ಟೆಯೇ ಎಂದು ಬೇರೆ ದಿನವಾಗಿದ್ದರೆ ಕೇಳುತ್ತಿದ್ದ. ಅಂದು ದೇಶದ ಹೊಣೆ ಹೆಗಲ ಮೇಲಿತ್ತು.

"ಮೂರು ವರ್ಷ ಇಬ್ಬರಿಗೂ ಕಷ್ಟ ಆಗುತ್ತೆ ಮಾವಿಸ್," ಎಂದ ಗಂಭೀರವಾಗಿ.

ಮಾವಿಸ್ ಮಡಿಸುವುದನ್ನು ನಿಲ್ಲಿಸಿದಳು. "ಬೇಡ ಅನಿಸ್ತಿದ್ಯಾ ನಿನಗೆ?"

"ಛೆ. ಊರಿಗೋಸ್ಕರ ಮಾಡಲೇಬೇಕು."

"ಊರಿಗೋಸ್ಕರಾನಾ? ನನಗೋಸ್ಕರ ಅಂದ್ಕೊಂಡಿದ್ದೆ."

"ನಿನಗೋಸ್ಕರಾನೂ," ಎಂದ ಕ್ಲಾರಿ ಉದಾರವಾಗಿ. ಮಾವಿಸ್ ಬಂದು ಅವನ ಹೆಗಲಿಗೆ ಹಣೆ ಒತ್ತಿ ನಿಂತಳು. ಮದುವೆಯಾದ ಹೊಸದರಲ್ಲಿ, ಅವನು ಅಂಗಡಿ ತೆರೆದ ದಿನ, ಹಾಗೆ ನಿಂತಿದ್ದಳು. ಆಮೇಲೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋಗುವವರೆಗೆ ಹಾಗೆ ನಿಲ್ಲುವುದಕ್ಕೆ ಇಬ್ಬರಿಗೂ ಪುರಸೊತ್ತು ಸಿಕ್ಕಿರಲಿಲ್ಲ.

ಗುರುವಾರ ಸಂಜೆ ಹಾಲ್‌ನಲ್ಲಿ ಜಾಗವಿರಲಿಲ್ಲ. ಹೊರಗೆ ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ, ಒಳಗೆ ಫ್ಯಾನುಗಳು ಬಿಸಿ ಗಾಳಿಯನ್ನೇ ಈ ಮೂಲೆಯಿಂದ ಆ ಮೂಲೆಗೆ ಹಂಚುತ್ತಿದ್ದವು. ಹಿಂದೆ ಹಡಗುಕಟ್ಟೆಯವರು, ಮುಂದೆ ಗೋಧಿ ಹೊಲದವರು, ನಡುವೆ ಚರ್ಚಿನವರು. ಮೂರನೇ ಸಾಲಿನಲ್ಲಿ ನೋಲಾಳ ಪಕ್ಕ ಮಾವಿಸ್, ನೀಲಿ ಉಡುಪಿನಲ್ಲಿ. ಎಲ್ಲರೂ ಅವಳ ಕಡೆ ತಿರುಗಿ ನಗುತ್ತಿದ್ದುದನ್ನು ಕ್ಲಾರಿ ವೇದಿಕೆಯಿಂದ ಕಂಡ. ಸಂಸದನ ಹೆಂಡತಿಗೆ ಇದೆಲ್ಲ ಅಭ್ಯಾಸವಾಗಬೇಕು ಎಂದುಕೊಂಡ.

ಹಾಡನ್ ಚರ್ಚೆಯನ್ನು ಆರಂಭಿಸಿದರು. ಹೊಲದ ಕೆಲಸದಲ್ಲಿ ಮುಳುಗಿದ್ದ ಅವರಿಗೆ ಊರಿನ ಸುದ್ದಿ ಮುಟ್ಟಿರಲಿಲ್ಲ. ಮೊದಲ ಮಾತು ಕಾನ್ ಡೆವ್ಲಿನ್‌ನದು. ಅವನು ಎದ್ದು ನಿಂತು, "ನಾನು ಹೇಳೋದು ಏನೂ ಇಲ್ಲ. ಕ್ಲಾರಿ ಮಾಡಿ ತೋರಿಸಿದ್ದಾನೆ, ಅವನೇ ಹೇಳ್ತಾನೆ," ಎಂದು ಕೂತ. ಹಡಗುಕಟ್ಟೆಯವರು ಚಪ್ಪಾಳೆ ತಟ್ಟಿದರು. ಹಾಡನ್ ಹುಬ್ಬು ಗಂಟಿಕ್ಕಿ ಕ್ಲಾರಿಯ ಕಡೆ ನೋಡಿದರು. ಕ್ಲಾರಿ ಎದ್ದ. ಬಲಗೈಯನ್ನೇ ಎತ್ತಿದ.

"ಮಹನೀಯರೆ, ನಾನು ಸರ್ಕಾರದಿಂದ ಒಂದು ಸೆಂಟೂ ತಗೊಂಡವನಲ್ಲ. ಯುದ್ಧದಿಂದ ವಾಪಸ್ ಬಂದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಡಿಲೇಡ್‌ಗೆ ಹೋಗಿ ಕಸುಬು ಕಲಿತೆ, ಬಂದು ಅಂಗಡಿ ಹಾಕಿದೆ."

"ಕಲಿಸಿದ್ದು ಯಾರು ಕ್ಲಾರಿ?" ಹಿಂದಿನಿಂದ ಒಂದು ದನಿ ಕೇಳಿತು.

"ಮಾಸ್ತರು."

"ಮಾಸ್ತರಿಗೆ ಸಂಬಳ?"

"ಸರ್ಕಾರದ್ದು. ಸೈನ್ಯದಿಂದ ಬಂದವರಿಗೆಲ್ಲ ಕೊಟ್ಟರು. ಅದು ಬೇರೆ."

"ಕಲಿಯುವಾಗ ಊಟ?"

"ಭತ್ಯೆ ಕೊಡ್ತಿದ್ರು. ಅದೂ ಬೇರೆ."

"ಮನೆ ಕಟ್ಟಿದ್ದು?"

"ಸಾಲದಲ್ಲಿ."

"ಯಾರ ಸಾಲ?"

ಕ್ಲಾರಿ ನೀರು ಕುಡಿದ. "ಸರ್ಕಾರದ್ದು. ಆದರೆ ಕಡಿಮೆ ಬಡ್ಡಿ," ಎಂದ, ಅದರಿಂದ ತನ್ನ ವಾದಕ್ಕೆ ಬಲ ಬರುತ್ತದೆಂಬಂತೆ.

"ಮಕ್ಕಳ ಭತ್ಯೆ ಬರ್ತಿತ್ತಲ್ಲಪ್ಪ?" ಇದು ನೋಲಾ.

"ಅದು ಮಾವಿಸ್‌ಗೆ ಬರ್ತಿತ್ತು. ನನಗಲ್ಲ."

ಹಾಲ್ ನಗೆಯಲ್ಲಿ ಅಲುಗಾಡಿತು. ಇದೆಲ್ಲ ಕ್ಲಾರಿ ಬೇಕೆಂದೇ ಆಡುತ್ತಿರುವ ನಾಟಕ, ವಿರೋಧ ಪಕ್ಷದ ವಾದವನ್ನು ಅಣಕಿಸುತ್ತಿದ್ದಾನೆ ಎಂದು ಕಾನ್ ಪಕ್ಕದವನಿಗೆ ವಿವರಿಸುತ್ತಿದ್ದ. ಜನ ಮೆಚ್ಚುತ್ತಿದ್ದಾರೆಂದು ಕ್ಲಾರಿಗೂ ಹುರುಪು ಬಂತು. ದನಿ ಏರಿಸಿದ.

"ಈ ಕಾಲೇಜಿಗೆ ಹೋಗೋರು ಯಾರು? ನಮ್ಮ ತೆರಿಗೆಯಲ್ಲಿ ಕೂತು ಓದೋರು ಯಾರು? ಕೂದಲು ಇಲ್ಲೀತನಕ ಬಿಟ್ಟವರು. ಮನೆ ಜವಾಬ್ದಾರಿ ಇಲ್ಲದವರು. ಇವರ ಮನೆಯವರು ಏನು ಮಾಡ್ತಿದ್ದಾರೆ? ಹೇಳೋರು ಕೇಳೋರು ಯಾರೂ ಇಲ್ವಾ ಇವರಿಗೆ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾನ್ ಎದ್ದು ನಿಂತು, ಕಣ್ಣೊರೆಸಿಕೊಂಡು ಕೇಳಿದ. "ಹಾಗಾದ್ರೆ ಸೋಮವಾರ ಮಾವಿಸ್ ಬಸ್ ಹತ್ತುತ್ತಾಳಲ್ಲ, ಅವಳ ಕೂದಲು ಎಲ್ಲೀತನಕ ಇದೆ ಮಾರಾಯ?"

"ಮಾವಿಸ್ ಯಾಕೆ ಇಲ್ಲಿ ಬಂದಳು? ಅವಳು ಹೋಗ್ತಿರೋದು ಚರ್ಚಿನ ಪ್ರವಾಸಕ್ಕೆ."

ನಗೆ ಅಲ್ಲಲ್ಲೇ ನಿಂತಿತು. ಮುಂದಿನ ಸಾಲಿನಿಂದ ಪಾದ್ರಿ ಓಪಿ ಮೆಲ್ಲಗೆ ಕೇಳಿದರು. "ಯಾವ ಪ್ರವಾಸ ಮಿಸ್ಟರ್ ಪೆಂಗೆಲಿ? ನಿಮ್ಮ ಶ್ರೀಮತಿಯವರಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆಯಲ್ಲ. ಮೂರು ವರ್ಷದ ಪದವಿಗೆ."

ಕ್ಲಾರಿಯ ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಇಳಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಮೊದಲು ಪಾರ್ಲಿಮೆಂಟು ಕುಸಿಯಿತು. ಅದರ ಹಿಂದೆಯೇ ಒಂದೊಂದಾಗಿ ಎಲ್ಲ ಬಂದವು: ಮಂಗಳವಾರದ ಸಂಜೆಗಳು, ಒಂದೇ ಥರ ಉಳಿದ ಕೇಕು, ಸೂಟ್‌ಕೇಸು, ಎರಡೆರಡು ಸಲ ಬಡಿಸಿದ ಪುಡಿಂಗು, ಕಿಟಕಿ ಪಕ್ಕದ ಸೀಟು. ಅವನು ಮೂರನೇ ಸಾಲನ್ನು ನೋಡಿದ.

ಮಾವಿಸ್ ಅಳುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಖದಲ್ಲಿ ಏನೂ ಕಾಣದ ಹಾಗೆ ಕೂತಿದ್ದಳು. ಆ ಮುಖ ಕ್ಲಾರಿಗೆ ಗೊತ್ತಿತ್ತು. ಅದನ್ನು ಅವನು ಇದಕ್ಕೆ ಮುಂಚೆ ಒಂದೇ ಸಲ ಕಂಡಿದ್ದ.

ಆಗ ಇಬ್ಬರಿಗೂ ಹದಿನಾಲ್ಕು. ಊರ ಶಾಲೆಯಲ್ಲಿ ಮಾವಿಸ್ ಮುಂದಿನ ಬೆಂಚು, ಅವಳ ಬೆನ್ನ ಹಿಂದೆ ಅವನು. ಅವಳ ಸ್ಲೇಟು ಕಾಣಲೆಂದು ಕತ್ತು ನೀಳ ಮಾಡಿ ಮಾಡಿ ಅವನ ಕತ್ತು ಉದ್ದವಾಯಿತೆಂದು ಮಾಸ್ತರರು ಹೇಳುತ್ತಿದ್ದರು. ಆ ವರ್ಷ ಅವಳಿಗೆ ಅಡಿಲೇಡ್‌ನ ದೊಡ್ಡ ಶಾಲೆಗೆ ಹೋಗುವ ವಿದ್ಯಾರ್ಥಿವೇತನ ಬಂತು. ನಮ್ಮೂರಿಗೆ ಅಂಥದು ಬಂದದ್ದು ಅದೇ ಮೊದಲು. ಮಾಸ್ತರರು ಘಂಟೆ ಹೊಡೆಸಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದರು. ಹುಡುಗರು ಟೋಪಿ ಹಾರಿಸಿದರು, ಯಾರದೋ ಟೋಪಿ ಮಾಡಿನ ಮೇಲೆ ಸಿಕ್ಕಿಕೊಂಡಿತು. ವಾರ ಕಳೆದ ಮೇಲೆ ಅವಳಪ್ಪ ಬೇಡವೆಂದರು. ಊರಿನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಹುಡುಗಿ ಬೇಕಾಗಿದ್ದಳು, ಮನೆಗೆ ಆ ಸಂಬಳ ಬೇಕಾಗಿತ್ತು. ಮಾಸ್ತರರು ಓದಲು ಕೊಟ್ಟಿದ್ದ ಪುಸ್ತಕಗಳನ್ನು ವಾಪಸ್ ಕೊಡಲು ಮಾವಿಸ್ ಬಂದಿದ್ದಳು. ಜಗಲಿಯಲ್ಲಿ ಅವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು, ಇದೇ ಮುಖ ಮಾಡಿಕೊಂಡು. ಸಮುದ್ರದ ಗಾಳಿಗೆ ಅವಳ ಜಡೆಯ ರಿಬ್ಬನ್ನು ಬಡಿದುಕೊಳ್ಳುತ್ತಿತ್ತು. ಅವಳು ಊರಲ್ಲೇ ಉಳಿಯುತ್ತಾಳಲ್ಲ ಎಂದು ಅಂದು ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಮನೆಯವರೆಗೂ ಓಡಿಕೊಂಡೇ ಹೋಗಿದ್ದ.

ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಕ್ಲಾರಿ ಕೈ ಇಳಿಸಿದ.

"ನನಗೆ ಇದು ಈಗ ತಾನೆ ಗೊತ್ತಾಯ್ತು," ಎಂದ. "ಸೀಟು ಅಂದಾಗ ನಾನು ಬಸ್ಸಿನದು ಅಂದ್ಕೊಂಡಿದ್ದೆ."

ಆಗ ಬಂದ ನಗೆ ಹಾಲ್‌ನ ತಗಡಿನ ಮಾಡನ್ನು ಎತ್ತಿ ಇಳಿಸಿತು. ಆಲ್ಮಾ ಕೂಡ ನಕ್ಕಳೆಂದು ಹೇಳುತ್ತಾರೆ, ಅವಳು ಕೊನೆಯತನಕ ಒಪ್ಪಲಿಲ್ಲ. ನಗದೆ ಕೂತಿದ್ದವಳು ಮಾವಿಸ್ ಒಬ್ಬಳೇ.

ನಗೆ ಇಳಿಯುವವರೆಗೆ ಕ್ಲಾರಿ ಕಾದ. ಬರೆದುಕೊಂಡು ಬಂದಿದ್ದ ಭಾಷಣ ಮುಂದೆಯೇ ಇತ್ತು, ಅದರಲ್ಲಿ ಇಂಥ ಸಂದರ್ಭಕ್ಕೆ ಏನೂ ಇರಲಿಲ್ಲ.

"ಮಾವಿಸ್," ಎಂದ ವೇದಿಕೆಯಿಂದಲೇ. "ಏನು ಓದ್ತೀಯ ಅಲ್ಲಿ?"

ಮಾವಿಸ್ ಕೂತಲ್ಲಿಂದ ಹೇಳಿದಳು. "ಇತಿಹಾಸ."

"ಅದೆಲ್ಲ ಆಗಿಹೋಗಿದೆಯಲ್ಲ."

"ಅದಕ್ಕೇ ನಿಧಾನವಾಗಿ ಓದಬಹುದು."

ಮತ್ತೆ ನಗೆ. ಈ ಸಲ ಕ್ಲಾರಿ ಕೈಯೆತ್ತಿ ತಡೆದ.

"ಸುಮ್ಮನಿರ್ರಪ್ಪ. ನಾನು ಮನೆಯವಳ ಹತ್ರ ಮಾತಾಡ್ತಿದೀನಿ. ಮಾವಿಸ್, ಮೊನ್ನೆ ನಾನು ಹೋಗು ಅಂದಿದ್ದು ಪ್ರವಾಸಕ್ಕೆ. ಅದನ್ನ ವಾಪಸ್ ತಗೊಂಡಿದೀನಿ. ಈಗ ಹೇಳ್ತಿದೀನಿ, ಕಾಲೇಜಿಗೆ ಹೋಗು. ಮೊದಲನೇ ಸಲಾನೇ ಯಾರಾದ್ರೂ ಹೇಳಬೇಕಾಗಿತ್ತು. ಆಗ ನಾನು ಚಿಕ್ಕವನು, ನನ್ನ ಮಾತು ಯಾರು ಕೇಳ್ತಿದ್ರು. ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡು."

ಹಾಡನ್ ಎದ್ದರು. ಅವರ ಕತ್ತು ಕೆಂಪಾಗಿತ್ತು. "ಪೆಂಗೆಲಿ, ಇದು ಚರ್ಚೆ. ನೀವು ಯಾವ ಕಡೆ ಅಂತ ಸ್ಪಷ್ಟವಾಗಿ ಹೇಳಿ."

ಕ್ಲಾರಿ ನಿಜವಾಗಿಯೂ ಯೋಚನೆ ಮಾಡಿದ. "ಕೂದಲಿನ ವಿಷಯದಲ್ಲಿ ನಿಮ್ಮ ಕಡೆ ಮಿಸ್ಟರ್ ಹಾಡನ್. ಉಳಿದಿದ್ದಕ್ಕೆ ಮನೇಲಿ ಕೇಳಿ ಹೇಳಬೇಕು."

ಚರ್ಚೆಯಲ್ಲಿ ಯಾರು ಗೆದ್ದರೆಂದು ತೀರ್ಮಾನವಾಗಲಿಲ್ಲ. ಲ್ಯಾಮಿಂಗ್ಟನ್ನುಗಳು ಮಾತ್ರ ಒಂದೂ ಉಳಿಯಲಿಲ್ಲ. ಹಾಡನ್ ಆಮೇಲೆ ಗಡ್ಡ ಹೆರೆಸಿಕೊಳ್ಳಲು ಪಕ್ಕದೂರಿಗೆ ಹೋಗತೊಡಗಿದರು. ಆ ಊರಿನ ಕ್ಷೌರಿಕ ಮಾತೇ ಆಡುತ್ತಿರಲಿಲ್ಲವಂತೆ, ಬೇಸರವಾಗಿ ಚಳಿಗಾಲದ ಹೊತ್ತಿಗೆ ಹಿಂತಿರುಗಿದರು.

ಹಾಲ್‌ನಿಂದ ಮನೆಗೆ ಗಂಡಹೆಂಡತಿ ಸಮುದ್ರದ ದಂಡೆಯ ದಾರಿಯಲ್ಲಿ ನಡೆದರು. ಇಳಿತದ ಸಮಯ, ಪಾಚಿಯ ವಾಸನೆ, ಕಟ್ಟೆಯ ತುದಿಯಲ್ಲಿ ಗೋಧಿ ತುಂಬಲು ಬಂದ ಹಡಗಿನ ದೀಪ.

"ನಾನು ಎಷ್ಟು ಹೇಳಿದ್ರೂ ನಿನ್ನ ಕಿವಿಗೆ ಬೀಳಲ್ಲ ಅಲ್ವಾ?" ಎಂದಳು ಮಾವಿಸ್.

"ಬೀಳುತ್ತೆ. ಬೇರೆ ಏನೋ ಆಗಿ ಬೀಳುತ್ತೆ."

"ಒಪ್ಪಿಕೊಂಡೆ ಅಂತ ಇಡೀ ವಾರ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಒಬ್ಬಳೇ ಇರುವಾಗ ಹಾಡ್ತಿದ್ದೆ."

"ಕೇಳಿಸ್ತು. ನಾನು ಎಂಪಿ ಆಗ್ತೀನಿ ಅಂತ ಹಾಡ್ತಿದೀಯ ಅಂದ್ಕೊಂಡೆ."

ಮಾವಿಸ್ ನಿಂತಳು. "ಏನಾಗ್ತೀಯ?"

ಕ್ಲಾರಿ ಹೇಳಬೇಕಾಯಿತು. ಕ್ಯಾನ್‌ಬೆರಾ, ಮೂರು ವರ್ಷ, ಪಾರ್ಟಿಯ ಊಟ, ಎಲ್ಲ. ಹಾಲ್‌ನಲ್ಲಿ ಊರೆಲ್ಲ ನಕ್ಕಾಗ ನಗದವಳು ಅಲ್ಲಿ ದಂಡೆಯ ಕಂಬಕ್ಕೆ ಆತುಕೊಂಡು, ಉಸಿರು ಕಟ್ಟುವಷ್ಟು ನಕ್ಕಳು. ಹಡಗಿನ ಮೇಲಿದ್ದ ನಾವಿಕನೊಬ್ಬ ಬಗ್ಗಿ ನೋಡಿದ. ಕ್ಲಾರಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಅವಳು ನಗು ಮುಗಿಸಲೆಂದು ಟೋಪಿ ಕೈಯಲ್ಲಿ ಹಿಡಿದು ಕಾದು ನಿಂತ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಸೂಟ್‌ಕೇಸನ್ನು ಅವನೇ ಹತ್ತಿಸಿದ. ಕಿಟಕಿ ಪಕ್ಕದ ಸೀಟಿಗಾಗಿ ಡ್ರೈವರನೊಡನೆ ಜಗಳವಾಡಿದ, ಬಸ್ಸಿನಲ್ಲಿ ಬೇರೆ ಯಾರೂ ಇಲ್ಲ ಎಂದು ಡ್ರೈವರ್ ತೋರಿಸಿದ ಮೇಲೆ ಇಳಿದ. ವಾರಕ್ಕೆ ನಾಲ್ಕು ದಿನ ಪಾಠ, ಗುರುವಾರದ ಬಸ್ಸಿಗೆ ಮಾವಿಸ್ ಊರಿಗೆ ಬಂದು ಹೋಗುವುದೆಂದು ಮಾತಾಗಿತ್ತು.

ಆ ವಾರ ಊರು ಅವನನ್ನು ನೋಡಿಕೊಂಡಿತು. ನೋಲಾ ಪೇಸ್ಟ್ರಿ ಹಿಟ್ಟಿನಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ದೊಡ್ಡ ಪೇಸ್ಟಿಗಳನ್ನು ಬೇಲಿಯ ಮೇಲಿಂದ ದಾಟಿಸಿದಳು. ಆಲ್ಮಾ ಬೈಯುತ್ತಲೇ ಸೂಪ್ ತಂದಿಟ್ಟಳು. ಮಂಗಳವಾರ ಸ್ವಾಭಿಮಾನದಿಂದ ತಾನೇ ಮೊಟ್ಟೆ ಬೇಯಿಸಲು ಹೊರಟವನು ನೀರು ಹಾಕುವುದನ್ನು ಮರೆತ. ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತರೆ ಹಿಂದಿನ ಹಾಗೆ ಮಾತು ಬರಲಿಲ್ಲ. ಗಿರಾಕಿಗಳೇ ಗಾಬರಿಯಾಗಿ ಮಾತಾಡಿಸಿದರು. ಮಾವಿಸ್ ಅಲ್ಲಿ ಅವಳ ಅರ್ಧ ವಯಸ್ಸಿನವರ ನಡುವೆ ಕೂತಿರುತ್ತಾಳೆ, ಯಾರಾದರೂ ನಕ್ಕರೆ ಏನು ಗತಿ, ಪಾಠ ತಲೆಗೆ ಹತ್ತದೆ ಹೋದರೆ ಏನು ಗತಿ, ಅಥವಾ ಹತ್ತಿಬಿಟ್ಟರೆ ವಾಪಸ್ ಬಂದಾಗ ತನ್ನ ಜೊತೆ ಮಾತಾಡಲು ಅವಳಿಗೆ ಏನು ಉಳಿದಿರುತ್ತದೆ. ಕೊನೆಯದು ಅವನನ್ನು ಬಹಳ ಕಾಡಿತು. ಕಾನ್ ಒಬ್ಬನಿಗೆ ಹೇಳಿದ. ಕಾನ್ ಯೋಚಿಸಿ, "ಈಗಲೂ ಅವಳು ಹೇಳ್ತಾಳೆ, ನೀನು ಬೇರೆ ಏನೋ ಕೇಳಿಸ್ಕೊಳ್ತೀಯ. ಹಾಗೇ ನಡೀಲಿ ಬಿಡು," ಎಂದು ಧೈರ್ಯ ತುಂಬಿದ.

ಗುರುವಾರ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿದ. ಬಸ್ಸು ಬರುವುದು ಸಂಜೆಗೆ ಎಂದು ಗೊತ್ತಿದ್ದರೂ ಹೋಗಿ ಅಂಚೆ ಕಚೇರಿಯ ಮುಂದಿನ ಬೆಂಚಿನಲ್ಲಿ ಕೂತ. ಹೋಗಿಬರುವವರೆಲ್ಲ ಕೇಳಿದರು, ಎಲ್ಲರಿಗೂ "ಸುಮ್ಮನೆ, ಗಾಳಿಗೆ," ಎಂದ. ಅಂದು ಗಾಳಿಯೇ ಇರಲಿಲ್ಲ.

ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮಾವಿಸ್ ಇಳಿದಳು. ಅದೇ ನೀಲಿ ಉಡುಪು, ಮುದುಡಿತ್ತು. ಬೆರಳುಗಳಲ್ಲಿ ಮಸಿ. ಕಣ್ಣುಗಳಲ್ಲಿ ನಿದ್ದೆಯಿರಲಿಲ್ಲ, ಆದರೂ ಮುಖ ಮಾತ್ರ, ಅಂಗಳದಲ್ಲಿ ಟೋಪಿಗಳು ಹಾರಿದ ದಿನ ಇದ್ದ ಹಾಗಿತ್ತು. ಅವನನ್ನು ಕಂಡು ಮೊದಲು ಅವನ ಕತ್ತಿನ ಪಟ್ಟಿ ಸರಿಮಾಡಿದಳು.

"ಎಷ್ಟು ಇಳಿದುಹೋಗಿದ್ದೀಯ. ಏನು ತಿಂತಿದ್ದೆ ನಾಲ್ಕು ದಿನ?"

ಕ್ಲಾರಿ ಸೂಟ್‌ಕೇಸ್ ಎತ್ತಿಕೊಂಡ. ಅದು ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿತ್ತು, ಪುಸ್ತಕಗಳಿರಬೇಕು.

"ಅದು ಆಮೇಲೆ," ಎಂದ. "ನೀನು ಏನು ಓದಿದೆ, ಅದು ಮೊದಲು ಹೇಳು."

ಮಾವಿಸ್ ಹೇಳತೊಡಗಿದಳು. ಕ್ಲಾರಿ ಅವಳ ಮಾತು ಚೆನ್ನಾಗಿ ಕೇಳುವ ಕಡೆಗೆ ಸರಿದು ನಡೆದ.